ಇಂದಿನ ಜಗಳ ಹಿಡಿದು ಸಭಾ ಚರಿತ್ರೆ ಕಲಿಸುವ ಬಗೆ

ಸಭಾ ಚರಿತ್ರೆ, ಅಂದರೆ ಕ್ರೈಸ್ತ ಸಭೆಯ ಇತಿಹಾಸ, ಕಲಿಸುವುದು ಎಂದರೆ ಕಲಬುರಗಿ, ಬೀದರ, ಯಾದಗಿರಿ ಕಡೆಯ ಸಭೆಗಳಲ್ಲಿ ಸಾಮಾನ್ಯವಾಗಿ ಎರಡು ಬಗೆ. ಅಕ್ಟೋಬರ್ ಕೊನೆಯ ಭಾನುವಾರ ಜರ್ಮನಿಯ ಸುಧಾರಕ ಲೂಥರ್ ಸುತ್ತಿಗೆ ಹಿಡಿದು ಚರ್ಚ್ ಬಾಗಿಲಿಗೆ ತನ್ನ ವಾದ ಜಡಿದ ಕಥೆ ಹೇಳಿ ಮುಗಿಸುವುದು ಒಂದು. ಯುವಕರಿಗೆ ಇಸವಿಗಳ ಪಟ್ಟಿ ಕೊಟ್ಟು ಕ್ವಿಜ್ ಮಾಡಿ ಸ್ಟೀಲ್ ಡಬ್ಬಿ ಬಹುಮಾನ ಕೊಡುವುದು ಇನ್ನೊಂದು. ಎರಡೂ ಆದ ಮೇಲೆ ಸೋಮವಾರದ ಕಮಿಟಿಯಲ್ಲಿ ಹಳೆಯ ಜಗಳ ಇದ್ದಲ್ಲೇ ಇರುತ್ತದೆ. ಇಲ್ಲಿ ಹೇಳುವ ಕ್ರಮ ಉಲ್ಟಾ. ಮೊದಲು ನಿಮ್ಮ ಸಭೆಯ ಜಗಳವನ್ನು ಎತ್ತಿಕೊಳ್ಳಿ, ಆಮೇಲೆ ಅದೇ ಜಗಳ ಹಿಂದೆ ಆಡಿದವರ ಬಳಿಗೆ ಹೋಗಿ. ಅವರು ಏನು ಮಾಡಿದರು, ಅದಕ್ಕೆ ಎಷ್ಟು ತೆತ್ತರು ಎಂದು ನೋಡಿ. ಸಭೆಗೆ ಬರುವ ಜಗಳಗಳಲ್ಲಿ ಹೊಚ್ಚ ಹೊಸದು ಬಹಳ ಕಡಿಮೆ.

ಯಾವಾಗ, ಎಷ್ಟು ಜನ

ಆರು ವಾರ ಸಾಕು, ವಾರಕ್ಕೊಂದು ಸಂಜೆ, 75 ನಿಮಿಷ. ಕಾಲ ನೋಡಿ ಶುರು ಮಾಡಿ. ಡಿಸೆಂಬರ್-ಜನವರಿಯಲ್ಲಿ ತೊಗರಿ ರಾಶಿ, ಆಮೇಲೆ ಬಿಳಿಜೋಳದ ಸುಗ್ಗಿ. ಅದು ಮುಗಿಯುತ್ತಲೇ ಅರ್ಧ ಊರು ದುಡಿಯಲು ಪುಣೆ, ಮುಂಬೈ, ಹೈದರಾಬಾದ್ ಹಾದಿ ಹಿಡಿಯುತ್ತದೆ. ಏಪ್ರಿಲ್-ಮೇ ಬಿಸಿಲಲ್ಲಿ ತಗಡಿನ ಮಾಡಿನ ಕೆಳಗೆ ಯಾರೂ ಕೂರಲಾರರು. ಹೆಸರು, ಉದ್ದಿನ ರಾಶಿ ಮುಗಿದ ಸೆಪ್ಟೆಂಬರ್ ಕೊನೆಯಿಂದ ನವೆಂಬರಿನ ಧಾರೂರು ಕ್ರೈಸ್ತ ಜಾತ್ರೆಯ ಒಳಗೆ ಮುಗಿಸುವುದು ಒಳ್ಳೆಯದು. ಬೀದರ ಕಡೆ ಸೋಯಾ ರಾಶಿ ಬಿದ್ದ ವಾರ ತರಗತಿ ಬಿಟ್ಟುಬಿಡಿ. ಹಟ ಮಾಡಿದರೆ ಬರುವವರು ಹೊಲ ಇಲ್ಲದವರು ಮಾತ್ರ, ತೀರ್ಮಾನವೂ ಅರ್ಧ ಸಭೆಯದಾಗುತ್ತದೆ.

ಎಂಟರಿಂದ ಹನ್ನೆರಡು ಜನ ಇರಲಿ. ಹದಿನೈದು ದಾಟಿದರೆ ಅದು ಪ್ರಸಂಗವಾಗುತ್ತದೆ. ಮೂವರಾದರೂ ಹೆಂಗಸರು, ಇಬ್ಬರಾದರೂ ಓದು ಬಾರದ ಹಿರಿಯರು ಇರಬೇಕು. ಆದ್ದರಿಂದ ಕಥೆಯನ್ನು ಓದಬೇಡಿ, ಬಾಯಲ್ಲಿ ಹೇಳಿ. ಪಾಸ್ಟರ್ ಕುಳಿತುಕೊಳ್ಳಲಿ, ಆದರೆ ಕಥೆ ಅವರು ಹೇಳುವುದು ಬೇಡ. ಅವರೇ ಹೇಳಿದರೆ ಈಗಿನ ಜಗಳದಲ್ಲಿ ಅವರ ಪಕ್ಷಕ್ಕೆ ಚರಿತ್ರೆಯ ಮುದ್ರೆ ಬಿದ್ದಂತೆ ಜನರಿಗೆ ಕಾಣುತ್ತದೆ, ಅವರಿಗೆ ಆ ಉದ್ದೇಶ ಇಲ್ಲದಿದ್ದರೂ.

ಸಮಯ ಹೀಗೆ ಹಂಚಿ: ನಮ್ಮ ಜಗಳ ಏನು ಎಂದು ಹೇಳಲು 10 ನಿಮಿಷ, ಹಳೆಯ ಕಥೆಗೆ 20, ಹೋಲಿಕೆಗೆ 25, ಒಂದು ಸಾಲಿನ ತೀರ್ಮಾನಕ್ಕೆ 15, ಪ್ರಾರ್ಥನೆಗೆ 5. ಕಥೆ ಉದ್ದವಾದಷ್ಟೂ ತೀರ್ಮಾನದ ಹೊತ್ತನ್ನು ಅದು ತಿನ್ನುತ್ತದೆ. ಗಡಿಯಾರ ನೋಡಲು ಒಬ್ಬರನ್ನು ಕೂರಿಸಿ.

ಒಂದು ದೊಡ್ಡ ಹಾಳೆಗೆ ನಾಲ್ಕು ಕಂಬ ಗೆರೆ ಎಳೆಯಿರಿ. ನಮ್ಮ ಜಗಳ, ಅವರ ಜಗಳ, ಅವರು ಮಾಡಿದ್ದು ಮತ್ತು ತೆತ್ತದ್ದು, ಹೋಲಿಕೆ ಎಲ್ಲಿ ಮುರಿಯುತ್ತದೆ. ನಾಲ್ಕನೆಯ ಕಂಬ ಖಾಲಿ ಬಿಟ್ಟ ತರಗತಿ ಕೆಟ್ಟ ತರಗತಿ. ಮೂರನೆಯ ಶತಮಾನದ ಉತ್ತರ ಆಫ್ರಿಕದ ಕಾರ್ಥೇಜ್ ಊರೂ ಚಿತ್ತಾಪುರವೂ ಒಂದೇ ಅಲ್ಲ.

ಹಗ್ಗ

ಇಸವಿಗಳನ್ನು ಬಾಯಿಪಾಠ ಮಾಡಿಸುವ ಬದಲು 21 ಮೀಟರ್ ಹತ್ತಿಯ ಹಗ್ಗ ತನ್ನಿ. ಪ್ಲಾಸ್ಟಿಕ್ ಹಗ್ಗ ಜಗ್ಗುತ್ತದೆ, ಅಳತೆ ತಪ್ಪುತ್ತದೆ. ಒಂದು ಸೆಂಟಿಮೀಟರಿಗೆ ಒಂದು ವರ್ಷ. ಸಣ್ಣ ಗುಡಿಗಳಲ್ಲಿ ಒಂದೇ ಗೋಡೆಗೆ ಇದು ಸಾಲದು, ಮೂರು ಗೋಡೆ ಸುತ್ತಿಸಿ ಮೊಳೆಗೆ ಕಟ್ಟಿ, ಬಟ್ಟೆ ಕ್ಲಿಪ್ಪಿನಿಂದ ಚೀಟಿ ಸಿಕ್ಕಿಸಿ. ಸಭೆ ಹುಟ್ಟಿದ ಪೆಂತೆಕೊಸ್ತ್ ದಿನ 30 ಸೆಂ.ಮೀ. ಆಸುಪಾಸಿನಲ್ಲಿ. ರೋಮಿನ ಡೀಸಿಯಸ್ ಚಕ್ರವರ್ತಿ ಕ್ರೈಸ್ತರಿಗೆ ಕೊಟ್ಟ ಹಿಂಸೆ 2.50 ಮೀಟರಿಗೆ, ನೈಸಿಯದ ಬಿಷಪ್ಪರ ಮಹಾಸಭೆ 3.25ಕ್ಕೆ, ಲೂಥರ್ 15.17ಕ್ಕೆ, ತಮಿಳುನಾಡಿನ ತರಂಗಂಬಾಡಿಗೆ ಮಿಷನರಿ ಜೀಗನ್‌ಬಾಲ್ಗ್ ಬಂದದ್ದು 17.06ಕ್ಕೆ, ಬಳ್ಳಾರಿಗೆ ಮಿಷನರಿ ಜಾನ್ ಹ್ಯಾಂಡ್ಸ್ ಬಂದದ್ದು 18.10ಕ್ಕೆ, ಮಂಗಳೂರಿಗೆ ಬಾಸೆಲ್ ಮಿಷನ್ 18.34ಕ್ಕೆ. ಕೊನೆಗೆ ನಿಮ್ಮ ಸಭೆಯ ಮೊದಲ ದೀಕ್ಷಾಸ್ನಾನದ ಇಸವಿ. ಅದು ಈ ವರ್ಷದ ಗುರುತಿನಿಂದ ಹಿಂದಕ್ಕೆ ಒಂದೂವರೆ ಮೀಟರಿನೊಳಗೇ ಬೀಳುತ್ತದೆ ಎಂದು ಕಣ್ಣಾರೆ ಕಂಡಾಗ ಹಿರಿಯರೂ ಒಂದು ಕ್ಷಣ ಸುಮ್ಮನಾಗುತ್ತಾರೆ.

ನೈಸಿಯದಿಂದ ಲೂಥರನವರೆಗೆ ಹನ್ನೆರಡು ಮೀಟರ್ ಬರೀ ಹಗ್ಗ. ಇಲ್ಲೇನಾಯಿತು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕತ್ತಲೆಯ ಕಾಲ ಎಂದು ಹೇಳಿ ಮುಗಿಸಬೇಡಿ. ಆ ಹನ್ನೆರಡು ಮೀಟರಿನಲ್ಲೇ ಪರ್ಷಿಯಾದ ಸಭೆ ಪೂರ್ವಕ್ಕೆ ಹಬ್ಬಿತು, ಕೇರಳದ ಸಿರಿಯನ್ ಸಭೆ ಬೇರೂರಿತು. ಆರನೆಯ ಶತಮಾನದ ಕಾಸ್ಮಾಸ್ ಎಂಬ ವ್ಯಾಪಾರಿ ಭಾರತದ ‘ಕಲ್ಲಿಯಾನ’ದಲ್ಲಿ ಬಿಷಪ್ ಇದ್ದನೆಂದು ಬರೆದಿದ್ದಾನೆ. ಅದು ನಮ್ಮ ಬಸವಕಲ್ಯಾಣ ಎಂದು ಉತ್ಸಾಹದಲ್ಲಿ ಚೀಟಿ ಸಿಕ್ಕಿಸಬೇಡಿ. ವಿದ್ವಾಂಸರು ಸಾಮಾನ್ಯವಾಗಿ ಅದನ್ನು ಮುಂಬೈ ಬಳಿಯ ಕಲ್ಯಾಣ ಎಂದೇ ಗುರುತಿಸುತ್ತಾರೆ.

ಊರೂರು ತಿರುಗುವ ಪ್ರವಾದಿ

ಉಜ್ಜೀವನ ಕೂಟ, ಸ್ವಸ್ಥತೆ ಕೂಟದ ಬ್ಯಾನರ್ ಕಟ್ಟಿದ ಊರಲ್ಲೆಲ್ಲ ಈ ಜಗಳ ಇದೆ. ಹೊರಗಿನ ಸೇವಕರು ಬರುತ್ತಾರೆ, ಮೂರು ರಾತ್ರಿ ಕೂಟ, ಆಮೇಲೆ ಪೆಂಡಾಲ್ ಮತ್ತು ಸೌಂಡಿನ ಸಾಲ ಸಭೆಯ ತಲೆಗೆ. ಇದಕ್ಕೆ ಅತಿ ಹಳೆಯ ಸಲಹೆ ಇರುವುದು ದಿದಾಖೆ ಎಂಬ ಪುಟ್ಟ ಕೈಪಿಡಿಯಲ್ಲಿ. ಹದಿನಾರು ಸಣ್ಣ ಅಧ್ಯಾಯ. ಮೊದಲ ಶತಮಾನದ ಕೊನೆ ಅಥವಾ ಎರಡನೆಯದರ ಆರಂಭದ್ದೆಂದು ಹೆಚ್ಚಿನವರು ಎಣಿಸುತ್ತಾರೆ. ಶತಮಾನಗಳ ಕಾಲ ಕಾಣೆಯಾಗಿದ್ದ ಇದರ ಪೂರ್ಣ ಪ್ರತಿ 1873ರಲ್ಲಿ ಸಿಕ್ಕಿ, 1883ರಲ್ಲಿ ಅಚ್ಚಾಯಿತು.

ಅದರ ನಿಯಮ ಖಡಕ್. ಬರುವ ಅಪೊಸ್ತಲನನ್ನು ಕರ್ತನನ್ನೇ ಎಂಬಂತೆ ಬರಮಾಡಿಕೊಳ್ಳಿ. ಅವನು ಒಂದು ದಿನ ಇರಲಿ, ಬೇಕಾದರೆ ಎರಡು ದಿನ. ಮೂರನೆಯ ದಿನವೂ ಉಳಿದರೆ ಸುಳ್ಳು ಪ್ರವಾದಿ. ಹೊರಡುವಾಗ ಮುಂದಿನ ತಂಗುವ ಊರಿನವರೆಗೆ ಬೇಕಾದಷ್ಟು ರೊಟ್ಟಿ ಮಾತ್ರ ಕೊಡಿ, ಹಣ ಕೇಳಿದರೆ ಸುಳ್ಳು ಪ್ರವಾದಿ. ಆತ್ಮಾವೇಶದಲ್ಲಿ ಊಟ ಬಡಿಸಿರಿ ಎಂದು ಹೇಳಿ ತಾನೇ ಉಣ್ಣುವವನು, ತಾನು ಬೋಧಿಸಿದ್ದನ್ನು ತಾನೇ ಮಾಡದವನು, ಇಬ್ಬರೂ ಅದೇ ಸಾಲಿಗೆ ಸೇರುತ್ತಾರೆ.

ಇಲ್ಲಿಗೆ ನಿಲ್ಲಿಸಿದರೆ ತರಗತಿಯಲ್ಲಿ ಅರ್ಧ ಜನ ಚಪ್ಪಾಳೆ ಹೊಡೆಯುತ್ತಾರೆ, ಹಾಗಾಗಿ ನಿಲ್ಲಿಸಬೇಡಿ. ಅದೇ ಕೈಪಿಡಿ ಆತ್ಮದಲ್ಲಿ ಮಾತಾಡುತ್ತಿರುವ ಪ್ರವಾದಿಯನ್ನು ಪರೀಕ್ಷೆಗೆ ಒಡ್ಡಬೇಡಿ ಎಂದೂ ಹೇಳುತ್ತದೆ. ಕೊರತೆಯಲ್ಲಿರುವ ಇತರರಿಗಾಗಿ ಕೊಡಿ ಎಂದು ಕೇಳಿದವನ ತೀರ್ಪು ಮಾಡಬೇಡಿ ಎನ್ನುತ್ತದೆ. ನಿಜವಾದ ಪ್ರವಾದಿ ನಿಮ್ಮಲ್ಲೇ ನೆಲೆಸಲು ಬಯಸಿದರೆ ಅನ್ನಕ್ಕೆ ಯೋಗ್ಯನು, ಕಣದ ಪ್ರಥಮ ಫಲ ಅವನಿಗೆ, ಅಂಥವನಿಲ್ಲದಿದ್ದರೆ ಬಡವರಿಗೆ. ಕಸುಬು ಗೊತ್ತಿರುವ ವಿಶ್ವಾಸಿ ಬಂದು ನೆಲೆಸುವುದಾದರೆ ದುಡಿದು ಉಣ್ಣಲಿ, ದುಡಿಯಲಾರೆ ಎಂದರೆ ಅವನು ಕ್ರಿಸ್ತನ ಹೆಸರಲ್ಲಿ ವ್ಯಾಪಾರ ಮಾಡುವವನು. ಹಾಗಾದರೆ ಈ ಕೈಪಿಡಿ ಕಾಯುತ್ತಿರುವುದು ಬಂದವನನ್ನೂ ಹೌದು, ಬಡ ಸಭೆಯ ಹಿಟ್ಟಿನ ಡಬ್ಬಿಯನ್ನೂ ಹೌದು.

ತೀರ್ಮಾನದ ಸಾಲು ಅಳೆಯುವಂಥದ್ದಾಗಿರಲಿ. ‘ಎಚ್ಚರದಿಂದ ಇರೋಣ’ ಎಂದು ಬರೆದರೆ ಏನೂ ಬರೆಯದಂತೆ. ‘ಕೂಟಕ್ಕೆ ಮುಂಚೆಯೇ ಪೂರ್ತಿ ಖರ್ಚು ಗೋಡೆಗೆ ಅಂಟಿಸುವುದು. ಸಾಲ ಮಾಡಿ ಕೂಟ ಇಲ್ಲ. ಕಾಣಿಕೆಯನ್ನು ಬೇರೆ ಬೇರೆ ಮನೆತನದ ಮೂವರು ಅಲ್ಲೇ ಎಣಿಸಿ ಸಹಿ ಹಾಕುವುದು. ವೇದಿಕೆಯ ಮೇಲಿಂದ ಮಾತ್ರೆ ಬಿಡಿಸುವಂತಿಲ್ಲ’ ಎಂದು ಬರೆಯಿರಿ. ಕೊನೆಯದು ಬಹಳ ಮುಖ್ಯ. ಶುಗರ್, ಬಿಪಿ, ಟಿಬಿ ಮಾತ್ರೆ ನಿಲ್ಲಿಸಿದವರು ಕೂಟದ ಮುಂದಿನ ವಾರ ಎಲ್ಲಿರುತ್ತಾರೆ ಎಂಬುದು ಎಲ್ಲ ಊರಿಗೂ ಗೊತ್ತು. ಪ್ರಾರ್ಥನೆಗೂ ವೈದ್ಯಕ್ಕೂ ವೈರ ಇರಲೇಬೇಕೆಂದಿಲ್ಲ. ಈಗಿನ ಟರ್ಕಿಯಲ್ಲಿರುವ ಕಪ್ಪದೋಕ್ಯದ ಕೈಸರೈಯದಲ್ಲಿ ಬಿಷಪ್ ಬೆಸಿಲ್ ನಾಲ್ಕನೆಯ ಶತಮಾನದಲ್ಲೇ ರೋಗಿಗಳಿಗೂ ಬಡವರಿಗೂ ದೊಡ್ಡ ಆಶ್ರಯ ಕಟ್ಟಿಸಿದ್ದ.

ಹೆದರಿ ಬಿಟ್ಟುಹೋದವರು

ಈ ವಾರಕ್ಕೆ ಎರಡು ಸಂಜೆ ಬೇಕಾದರೂ ಕೊಡಿ. ಕ್ರಿ.ಶ. 250ರಲ್ಲಿ ಡೀಸಿಯಸ್ ಚಕ್ರವರ್ತಿ ಎಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಿ ಸರ್ಟಿಫಿಕೇಟ್ ಪಡೆಯಬೇಕೆಂದು ಆಜ್ಞೆ ಮಾಡಿದ. ಲಿಬೆಲ್ಲುಸ್ ಎಂಬ ಆ ಚೀಟಿಗಳು ಈಜಿಪ್ಟಿನ ಮರಳಲ್ಲಿ ನಲವತ್ತಕ್ಕೂ ಹೆಚ್ಚು ಸಿಕ್ಕಿವೆ. ಇಂಥವನು ನಮ್ಮ ಮುಂದೆ ಬಲಿ ಕೊಟ್ಟು ಪ್ರಸಾದ ತಿಂದ ಎಂದು ಅಧಿಕಾರಿಗಳ ಸಹಿ ಸಮೇತ. ಕೆಲವು ಕ್ರೈಸ್ತರು ಪ್ರಾಣ ಕೊಟ್ಟರು, ಬಹಳ ಜನ ಬಲಿ ಕೊಟ್ಟರು. ಕೆಲವರು ಬಲಿ ಕೊಡದೆ ಲಂಚ ಕೊಟ್ಟು ಚೀಟಿ ಮಾತ್ರ ಕೊಂಡರು. ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಸ್ವತಃ ಅಡಗಿಕೊಂಡಿದ್ದ. ಈ ಮಾತನ್ನು ಬಿಡಬೇಡಿ, ಅವನ ತೀರ್ಪಿನ ಮೇಲೆ ಊರಿನ ಸಿಟ್ಟಿಗೆ ಅದೂ ಒಂದು ಕಾರಣ.

ಹಿಂಸೆ ತಣ್ಣಗಾದ ಮೇಲೆ, ಹೀಗೆ ವಿಶ್ವಾಸದಿಂದ ಬಿದ್ದವರು ಸಭೆಯ ಬಾಗಿಲಿಗೆ ಬಂದು ನಿಂತರು. ಒಂದು ಗುಂಪು ಈಗಲೇ ಒಳಗೆ ಬನ್ನಿ ಎಂದಿತು. ರೋಮಿನಲ್ಲಿ ನೊವಾಷಿಯನ್ ಎಂಬ ಪಾದ್ರಿ ಎಂದಿಗೂ ಬೇಡ ಎಂದ. ಎರಡೂ ಕಡೆಯವರು ಸಭೆ ಒಡೆದರು. 251ರಲ್ಲಿ ಕಾರ್ಥೇಜಿನಲ್ಲಿ ಕೂಡಿದ ಬಿಷಪ್ಪರು ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ನೋಡಿದರು. ಚೀಟಿ ಮಾತ್ರ ಕೊಂಡವರನ್ನು ವಿಚಾರಿಸಿ ಒಳಗೆ ತೆಗೆದುಕೊಂಡರು. ಬಲಿ ಕೊಟ್ಟವರು ದೀರ್ಘ ಪಶ್ಚಾತ್ತಾಪದಲ್ಲಿ ಕಾಯಬೇಕಿತ್ತು, ಮರಣಶಯ್ಯೆಯಲ್ಲಿ ಮಾತ್ರ ಸಮಾಧಾನ. ಒಂದೆರಡು ವರ್ಷದಲ್ಲಿ ಇನ್ನೊಂದು ಹಿಂಸೆಯ ಸೂಚನೆ ಕಂಡಾಗ ಅವರಿಗೂ ಬಾಗಿಲು ತೆರೆದರು, ಯುದ್ಧಕ್ಕೆ ಬರಿಗೈಯಲ್ಲಿ ಕಳಿಸಬಾರದೆಂದು. ಸಿಪ್ರಿಯನ್ 258ರಲ್ಲಿ ತಾನೇ ರಕ್ತಸಾಕ್ಷಿಯಾದ.

ನಮ್ಮ ಕಡೆ ಈ ಕಥೆ ಮುಗಿಯುವ ಮೊದಲೇ ಜಾತಿ ಪ್ರಮಾಣಪತ್ರದ ಮಾತು ಎದ್ದೇಳುತ್ತದೆ. 1950ರ ಪರಿಶಿಷ್ಟ ಜಾತಿ ಆದೇಶ ಮೊದಲು ಹಿಂದೂಗಳಿಗೆ ಮಾತ್ರ ಅನ್ವಯಿಸಿತು, 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿತು. ಕ್ರೈಸ್ತರು ಹೊರಗೇ ಉಳಿದರು. ಹೀಗಾಗಿ ಭಾನುವಾರ ಒಂದು ಹೆಸರು, ಕಾಗದದಲ್ಲಿ ಇನ್ನೊಂದು ಎಂಬ ಕುಟುಂಬಗಳ ಮಾತು ಬರುತ್ತದೆ, ಬೆರಳು ತೋರಿಸುವವರೂ ಇರುತ್ತಾರೆ. ಇಲ್ಲಿ ನಾಲ್ಕನೆಯ ಕಂಬ ತುಂಬಿಸಿ. ಡೀಸಿಯಸ್‌ನ ಚೀಟಿ ವಿಗ್ರಹದ ಮುಂದಿನ ಆರಾಧನೆಗೆ ಸಾಕ್ಷಿ, ಜಾತಿ ಪ್ರಮಾಣಪತ್ರ ಹುಟ್ಟಿನ ಅವಮಾನಕ್ಕೆ ಸರ್ಕಾರ ಕೊಡುವ ಪರಿಹಾರ. ಅವೆರಡೂ ಒಂದಲ್ಲ. ಒಂದಾಗಿರುವುದು ಉಳಿದವರು ಬಿದ್ದವರ ಜೊತೆ ಮಾತಾಡುವ ಧಾಟಿ. ಕಾನೂನಿನ ಪ್ರಶ್ನೆ ವಕೀಲರಿಗೆ ಬಿಡಿ. ತರಗತಿಯಲ್ಲಿ ಯಾವ ಕುಟುಂಬದ ಹೆಸರೂ ಬರಬಾರದು, ಹಾಳೆಯ ಮೇಲೆ ಬರೆಯಬಾರದು, ಫೋಟೊ ತೆಗೆಯಬಾರದು. ಶುರುವಿಗೇ ಹೇಳಿ. ಮಧ್ಯದಲ್ಲಿ ಹೇಳಿದರೆ ಯಾರನ್ನೋ ಕಾಯುತ್ತಿದ್ದೀರಿ ಎಂದಾಗುತ್ತದೆ.

ಪಾಸ್ಟರ್ ಸರಿಯಿಲ್ಲ ಎಂದು ಸಭೆ ಒಡೆಯುವಾಗ

303ರಲ್ಲಿ ಡಯೊಕ್ಲೀಷಿಯನ್ ಚಕ್ರವರ್ತಿ ಪವಿತ್ರ ಗ್ರಂಥಗಳನ್ನು ಒಪ್ಪಿಸಿ ಎಂದಾಗ ಕೆಲವು ಬಿಷಪ್ಪರು ಒಪ್ಪಿಸಿದರು. ಕಾರ್ಥೇಜಿನ ಒಬ್ಬ ಬಿಷಪ್ ಜಾಣತನದಿಂದ ಪಾಷಂಡಿಗಳ ಪುಸ್ತಕ ಕೊಟ್ಟು ಕಳಿಸಿದ ಎಂಬ ಕಥೆ ಕೇಳಿ ತರಗತಿ ನಗುತ್ತದೆ. ಮುಂದೆ ಕಾರ್ಥೇಜಿಗೆ ಸೆಸಿಲಿಯನ್ ಬಿಷಪ್ ಆದಾಗ, ಅವನ ತಲೆಯ ಮೇಲೆ ಕೈಯಿಟ್ಟು ಅಭಿಷೇಕ ಮಾಡಿದವರಲ್ಲಿ ಫೆಲಿಕ್ಸ್ ಎಂಬವನು ಗ್ರಂಥ ಒಪ್ಪಿಸಿದವನು, ಆದ್ದರಿಂದ ಅಭಿಷೇಕವೇ ಸಲ್ಲದು ಎಂದು ಒಂದು ಪಕ್ಷ ಎದ್ದಿತು. ಅದೇ ದೊನಾಟಿಸ್ಟರ ಒಡಕು. ವಿಚಾರಣೆಯಲ್ಲಿ ಫೆಲಿಕ್ಸ್ ನಿರಪರಾಧಿ ಎಂದಾಯಿತು, ಅವನ ವಿರುದ್ಧ ತಂದ ಪತ್ರದಲ್ಲಿ ಸಾಲು ಸೇರಿಸಿದ್ದೆಂದು ಅದನ್ನು ತಂದವನೇ ಒಪ್ಪಿಕೊಂಡ. ಆದರೆ ಒಡಕು ನಿಲ್ಲಲಿಲ್ಲ. ನೂರು ವರ್ಷದ ಮೇಲೆ, 411ರಲ್ಲಿ, ಎರಡೂ ಕಡೆಯ ಐನೂರಕ್ಕೂ ಹೆಚ್ಚು ಬಿಷಪ್ಪರು ಒಂದೇ ಊರಲ್ಲಿ ಕುಳಿತು ಅದೇ ಕಾಗದಪತ್ರ ಓದಿದರು.

ವಾಟ್ಸಾಪಿನಲ್ಲಿ ಬಂದ ಸ್ಕ್ರೀನ್‌ಶಾಟ್ ನೋಡಿ ಬೇರೆ ಪ್ರಾರ್ಥನಾ ಮಂದಿರಕ್ಕೆ ಬಾಡಿಗೆ ಕೋಣೆ ಹುಡುಕುವವರಿಗೆ ಇಷ್ಟು ಸಾಕು. ಆದರೆ ಇದನ್ನೇ ಗುರಾಣಿ ಮಾಡಿಕೊಂಡು, ಸೇವಕ ಹೇಗಿದ್ದರೂ ಸಂಸ್ಕಾರ ಸಲ್ಲುತ್ತದೆ ಎಂದು ದೊನಾಟಿಸ್ಟರ ವಿರುದ್ಧ ವಾದಿಸಿದ ಬಿಷಪ್ ಅಗಸ್ಟೀನನ ಮಾತನ್ನು ಹಣ ನುಂಗಿದವರನ್ನೋ ಹೆಣ್ಣುಮಕ್ಕಳನ್ನು ಪೀಡಿಸಿದವರನ್ನೋ ಉಳಿಸಲು ಬಳಸುವುದು ಶುದ್ಧ ಮೋಸ. ಅವನು ಹೇಳಿದ್ದು ಸಂಸ್ಕಾರ ಸಲ್ಲುವ ಬಗ್ಗೆ, ತಪ್ಪು ಮಾಡಿದವನನ್ನು ಹುದ್ದೆಯಲ್ಲಿ ಉಳಿಸುವ ಬಗ್ಗೆ ಅಲ್ಲ. ಅಪರಾಧದ ದೂರು ಪೊಲೀಸ್ ಠಾಣೆಗೆ, ಮುಚ್ಚಿದ ಕೋಣೆಯ ಕಮಿಟಿಗಲ್ಲ.

ಸಾಲ ತೀರಿಸಲು ಹುಟ್ಟಿದ ಕೂಟ

ಮೆಥಡಿಸ್ಟ್ ಸಭೆಗಳವರಿಗೆ ಇದು ಮನೆಯದೇ ಮಾತು, ಆದರೂ ಮೂಲ ಗೊತ್ತಿರುವವರು ಕಡಿಮೆ. 1742ರ ಫೆಬ್ರವರಿ 15ರಂದು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಪ್ರಾರ್ಥನಾ ಮಂದಿರ ಕಟ್ಟಿದ ಸಾಲ ತೀರಿಸುವ ಚರ್ಚೆ. ಫಾಯ್ ಎಂಬ ಕ್ಯಾಪ್ಟನ್, ಎಲ್ಲರೂ ವಾರಕ್ಕೊಂದು ಪೆನ್ನಿ ಕೊಡಲಿ ಎಂದ. ಬಡವರು ಕೊಡಲಾರರಲ್ಲ ಎಂದಾಗ, ತೀರ ಬಡವರಾದ ಹನ್ನೊಂದು ಜನರನ್ನು ನನಗೆ ಕೊಡಿ, ವಾರಕ್ಕೊಮ್ಮೆ ಅವರ ಮನೆಗೆ ಹೋಗುತ್ತೇನೆ, ಕೊಡಲಾಗದವರದ್ದು ನಾನೇ ತುಂಬುತ್ತೇನೆ ಎಂದ. ಹೀಗೆ ಹನ್ನೆರಡು ಜನರ ಗುಂಪು. ಮನೆ ಮನೆಗೆ ಹೋದ ನಾಯಕರಿಗೆ ಪೆನ್ನಿಯ ಜೊತೆಗೆ ಕುಡಿತ, ಜಗಳ, ಕಾಯಿಲೆ ಎಲ್ಲ ಕಾಣಿಸಿತು. ಮೆಥಡಿಸ್ಟ್ ಚಳವಳಿಯ ನಾಯಕ ಜಾನ್ ವೆಸ್ಲಿ ತಾನು ಬಹುಕಾಲ ಹುಡುಕುತ್ತಿದ್ದದ್ದು ಇದೇ ಎಂದು ಕಂಡುಕೊಂಡ.

ನಿಮ್ಮಲ್ಲಿ ಮಾಡುವುದಾದರೆ ಹನ್ನೆರಡು ಮನೆಗೆ ಒಬ್ಬ ನಾಯಕ ಅಥವಾ ನಾಯಕಿ, ವಾರಕ್ಕೆ ಒಂದು ಮನೆಗೆ ಹತ್ತು ನಿಮಿಷ, ಹತ್ತು ರೂಪಾಯಿ. ಇಲ್ಲದವರಿಂದ ಕೇಳುವಂತಿಲ್ಲ, ನಾಯಕರೇ ತುಂಬಬೇಕು. ಅಷ್ಟು ಶಕ್ತಿ ಇಲ್ಲದವರಿಗೆ ಸಭೆ ನಿಧಿಯಿಂದ ಕೊಡಲಿ. ನೋಟ್‌ಬುಕ್ಕಿನಲ್ಲಿ ಹಣ, ಕಾಯಿಲೆ, ದುಡಿಯಲು ಹೋದವರು, ಶಾಲೆ ಬಿಟ್ಟ ಮಕ್ಕಳು, ಇಷ್ಟೇ ಕಲಮು. ಮನೆಯ ಒಳಗುಟ್ಟು ಬರೆಯಬಾರದು. ಕೆಡುವುದು ಎರಡು ಕಡೆ. ನಾಯಕನು ಫೈನಾನ್ಸ್ ಕಂಪನಿಯ ವಸೂಲಿಗಾರನಂತೆ ಬಾಗಿಲು ಬಡಿಯತೊಡಗಿದರೆ ಜನ ಹಿತ್ತಲ ಬಾಗಿಲಿನಿಂದ ಹೊರಬೀಳುತ್ತಾರೆ. ಇಲ್ಲವೆ ಅದೇ ನಾಯಕ ಹತ್ತು ವರ್ಷ ಕೂತು ಗುಂಪನ್ನು ಮತಗಳ ಗಂಟು ಮಾಡಿಕೊಳ್ಳುತ್ತಾನೆ. ಎರಡು ವರ್ಷಕ್ಕೊಮ್ಮೆ ಬದಲಿಸಿ.

ಸಾಲು ಬೇರೆ, ಮಡಕೆ ಬೇರೆ

ತರಂಗಂಬಾಡಿಯ ಲುಥೆರನ್ ಸಭೆಯಲ್ಲಿ ಹದಿನೆಂಟನೆಯ ಶತಮಾನದಿಂದಲೂ ಜಾತಿಗೊಂದು ಸಾಲು ಇತ್ತು. ನಿಧಾನಕ್ಕೆ ಸರಿಹೋಗುತ್ತದೆ ಎಂದು ಕಾದರು, ನೂರು ವರ್ಷ ಹೋಯಿತು. 1833ರಲ್ಲಿ ಕಲ್ಕತ್ತಾದ ಆಂಗ್ಲಿಕನ್ ಬಿಷಪ್ ಡೇನಿಯಲ್ ವಿಲ್ಸನ್ ಸಭೆಯಲ್ಲಿ ಜಾತಿ ನಿಲ್ಲಬೇಕೆಂದು ಆಜ್ಞೆ ಹೊರಡಿಸಿದಾಗ ತಂಜಾವೂರು ಕಡೆ ಅನೇಕರು ಸಭೆ ಬಿಟ್ಟೇ ಹೋದರು. ಈ ವಾರ ಚರ್ಚೆ ಬೇಡ, ಲೆಕ್ಕ ಮಾಡಿ. ಕಳೆದ ಹತ್ತು ವರ್ಷದ ಮದುವೆ ರಿಜಿಸ್ಟರ್ ತೆರೆದು, ಹೊಲೆಯ ಮತ್ತು ಮಾದಿಗ ಮೂಲದ ಮನೆಗಳ ನಡುವೆ ಎಷ್ಟು ಮದುವೆ ಆಗಿದೆ ಎಂದು ಹೆಸರಿಲ್ಲದೆ ಎಣಿಸಿ. ಸ್ಮಶಾನದಲ್ಲಿ ಸಾಲುಗಳು ಹೇಗಿವೆ ನೋಡಿ ಬನ್ನಿ. ಆ ಅಂಕಿ ಹಾಳೆಯ ಮೇಲೆ ಬಿದ್ದ ಮೇಲೆ ತರಂಗಂಬಾಡಿಯನ್ನು ಯಾರೂ ಬೈಯುವುದಿಲ್ಲ.

ಹೊರಗಿನ ಹಣದ ಬಗ್ಗೆ ಒಂದೇ ಮಾತು. ಮೊದಲ ಮಹಾಯುದ್ಧದಲ್ಲಿ ಬಾಸೆಲ್ ಮಿಷನ್ನಿನ ಜರ್ಮನ್ ಮಿಷನರಿಗಳನ್ನು ಬ್ರಿಟಿಷರು ಬಂಧಿಸಿ ಹೊರಕಳಿಸಿದರು, ಹಂಚಿನ ಕಾರ್ಖಾನೆಗಳು ಕೈತಪ್ಪಿದವು. ಕರಾವಳಿಯ ಸಭೆಗಳು ಒಮ್ಮೆಗೇ ತಮ್ಮ ಕಾಲ ಮೇಲೆ ನಿಲ್ಲಬೇಕಾಯಿತು. ನಿಮ್ಮ ಸಭೆಯ ವರಮಾನದಲ್ಲಿ ಎಷ್ಟು ಪಾಲು ಊರಿನದು ಎಂದು ಟ್ರೆಜರರ್ ಒಂದು ಸಾಲಿನಲ್ಲಿ ಹೇಳಲಿ.

ತರಗತಿಯನ್ನು ದಾರಿ ತಪ್ಪಿಸುವ ಸುಳ್ಳುಗಳು

ಬೈಬಲಿನಲ್ಲಿ ಯಾವ ಪುಸ್ತಕ ಇರಬೇಕೆಂದು ನೈಸಿಯದಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಆರಿಸಿದ ಎಂಬುದು ಸುಳ್ಳು, ಅಲ್ಲಿನ ಜಗಳ ಕ್ರಿಸ್ತನೂ ಸೃಷ್ಟಿಯಾದವನೇ ಎಂದ ಅರಿಯಸನದು. ಹೊಸ ಒಡಂಬಡಿಕೆಯ 27 ಪುಸ್ತಕಗಳ ಪಟ್ಟಿ ನಾವು ಈಗ ಬಳಸುವಂತೆ ಸಿಗುವುದು ಬಿಷಪ್ ಅಥನೇಷಿಯಸ್ 367ರಲ್ಲಿ ಬರೆದ ಪತ್ರದಲ್ಲಿ. 313ರಲ್ಲಿ ಕ್ರೈಸ್ತ ಮತ ರಾಜಮತವಾಯಿತು ಎಂಬುದೂ ತಪ್ಪು, ಆಗ ಸಿಕ್ಕಿದ್ದು ಆರಾಧಿಸುವ ಸ್ವಾತಂತ್ರ್ಯ. ರಾಜಮತದ ಆಜ್ಞೆ 380ರದ್ದು, ಥಿಯೊಡೋಷಿಯಸ್ ಕಾಲದ್ದು. ಲೂಥರ್ 1517ರ ಅಕ್ಟೋಬರ್ 31ರಂದು ಆರ್ಚ್‌ಬಿಷಪ್ಪನಿಗೆ ಪತ್ರ ಬರೆದದ್ದು ಖರೆ. ಬಾಗಿಲಿಗೆ ಮೊಳೆ ಹೊಡೆದ ಕಥೆ ಪ್ರಚಾರಕ್ಕೆ ಬಂದದ್ದು ಅವನು ಸತ್ತ ಮೇಲೆ, ಕಣ್ಣಾರೆ ಕಂಡವರು ಬರೆದದ್ದಲ್ಲ. ಕಥೋಲಿಕರೂ ಇರುವ ಗುಂಪಿನಲ್ಲಿ ಲೂಥರನ ಮಾತು ಬಂದಾಗ ನಾಲಿಗೆ ಬಿಗಿ ಹಿಡಿಯಿರಿ.

ನಿಮ್ಮದೇ ದಾಖಲೆ

ಆರನೆಯ ವಾರ ಹಗ್ಗದ ಕೊನೆಯ ತುಂಡಿಗೆ. ದೀಕ್ಷಾಸ್ನಾನ, ಮದುವೆ, ಸಮಾಧಿ ರಿಜಿಸ್ಟರುಗಳನ್ನೂ ಕಮಿಟಿ ನಡವಳಿಗಳನ್ನೂ ಹೊರಗೆ ತೆಗೆಯಿರಿ. ಈ ಭಾಗ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನ, 1956ರಲ್ಲಿ ಮೈಸೂರು ರಾಜ್ಯ ಸೇರಿದ್ದು. ಆದ್ದರಿಂದ ಕಾಗದಗಳು ಇಂಗ್ಲಿಷ್, ಉರ್ದು, ಮರಾಠಿ, ಕನ್ನಡ, ತೆಲುಗು ಯಾವುದರಲ್ಲೂ ಇರಬಹುದು. ಯಾದಗಿರಿ ಜಿಲ್ಲೆಯಾದದ್ದು 2009ರಲ್ಲಿ, ಹಳೆಯದನ್ನು ಗುಲ್ಬರ್ಗಾ ಹೆಸರಲ್ಲಿ ಹುಡುಕಿ. ಜಮೀನಿನ ಪತ್ರದಲ್ಲಿ ನಿಜಾಮರ ಕಾಲದ ಕಂದಾಯ ವರ್ಷವಾದ ಫಸಲಿ ಇಸವಿ ಇದ್ದರೆ 590 ಕೂಡಿಸಿ. ಅಲ್ಲಿನ ಫಸಲಿ ವರ್ಷ ಅಕ್ಟೋಬರಿಗೆ ಶುರುವಾಗುತ್ತಿದ್ದರಿಂದ ತಿಂಗಳು ಜನವರಿಯಿಂದ ಸೆಪ್ಟೆಂಬರ್ ಆಗಿದ್ದರೆ 591. 1357 ಫಸಲಿ ಎಂದರೆ 1947ರ ಅಕ್ಟೋಬರಿನಿಂದ 1948ರ ಅಕ್ಟೋಬರ್. ಉರ್ದು ಓದುವ ಹಿರಿಯರು ಪಕ್ಕದ ಮೊಹಲ್ಲಾದಲ್ಲಿ ಇದ್ದೇ ಇರುತ್ತಾರೆ, ಕರೆದು ಚಹಾ ಕೊಡಿ.

ಪುಟಗಳನ್ನು ಬೆಳಿಗ್ಗೆ ಕಿಟಕಿ ಬೆಳಕಲ್ಲಿ, ಫ್ಲ್ಯಾಶ್ ಇಲ್ಲದೆ, ಮೊಬೈಲನ್ನು ಮೇಲಿಂದ ನೇರ ಹಿಡಿದು ತೆಗೆಯಿರಿ. ಖಾಲಿ ಪುಟವನ್ನೂ ತೆಗೆಯಿರಿ, ಇಲ್ಲದಿದ್ದರೆ ಮುಂದೆ ಪುಟ ಹರಿದಿದೆಯೆಂಬ ಅನುಮಾನ ಬರುತ್ತದೆ. ಹರಿದ ಪುಟಕ್ಕೆ ಸೆಲ್ಲೊಟೇಪ್ ಹಚ್ಚಬೇಡಿ, ಅಂಟು ಹಳದಿಯಾಗಿ ಅಕ್ಷರ ತಿನ್ನುತ್ತದೆ. ಲ್ಯಾಮಿನೇಟ್ ಮಾಡಿಸಿದರಂತೂ ಮತ್ತೆ ಬಿಡಿಸಲಾಗದು. ಮೂಲಗಳು ಕಬ್ಬಿಣದ ಟ್ರಂಕಿನಲ್ಲಿ, ಟ್ರಂಕು ಗೋಡೆಯಿಂದ ಒಂದು ಗೇಣು ದೂರ ಇಟ್ಟಿಗೆಯ ಮೇಲೆ ಇರಲಿ, ಗೆದ್ದಲಿಗೆ ಗೋಡೆಯೇ ಹಾದಿ. ಫೋಟೊಗಳ ಒಂದು ಪ್ರತಿ ಸಭೆಯ ಪೆನ್‌ಡ್ರೈವಿನಲ್ಲಿ, ಇನ್ನೊಂದು ಊರಾಚೆ ಇರುವ ಒಬ್ಬ ಸದಸ್ಯರ ಬಳಿ ಇರಲಿ, ಸಭೆಯ ವಾಟ್ಸಾಪ್ ಗ್ರೂಪಿಗೆ ಹಾಕಲೇಬೇಡಿ. ಟ್ರಂಕಿಗೆ ಎರಡು ಬೀಗ ಹಾಕಿ, ಒಂದು ಕೀಲಿ ಪಾಸ್ಟರ್ ಬಳಿ, ಇನ್ನೊಂದು ಕಮಿಟಿಯಲ್ಲಿ ಇಲ್ಲದ ಒಬ್ಬ ಹೆಣ್ಣುಮಗಳ ಬಳಿ.